ಸೂಕ್ಷ್ಮತರಂಗಗಳ ಹಾದಿಯಲ್ಲಿ ಒಬ್ಬ ಕನ್ನಡತಿ: ಡಾ. ರಾಜೇಶ್ವರಿ ಚಟರ್ಜಿ

ಚಟರ್ಜಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ದೆಹಲಿಯಲ್ಲಿ ನೆಲೆಸಿರುವ ನಮಗೆ ಚಿತ್ತರಂಜನ್ ಪಾರ್ಕ್ ನೆನಪಾಗುವುದು ಸಹಜ. ಹೀಗಾಗಿಯೇ ಏನೋ, ರಾಜೇಶ್ವರಿ ಚಟರ್ಜಿ ಅಪ್ಪಟ ಕನ್ನಡತಿ, ಮೈಸೂರು ಸೀಮೆಯ ಹೆಣ್ಣುಮಗಳು ಎಂಬ ಸಂಗತಿ ನಮ್ಮವರಲ್ಲಿಯೇ ಅನೇಕರಿಗೆ ತಿಳಿದಿಲ್ಲ. ಎಂಜಿನಿಯರುಗಳ ದಿನದಂದು ಸರ್ ಎಂ. ವಿಶ್ವೇಶ್ವರಯ್ಯನವರನ್ನು ತಪ್ಪದೆ ಸ್ಮರಿಸುವ ನಾವು, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಗುರುತಿಸಲ್ಪಟ್ಟ ಈ ವಿದುಷಿಯ ಹೆಸರನ್ನು ಅದೇ ವೇದಿಕೆಯಲ್ಲಿ ಎತ್ತುವುದು ಅಪರೂಪ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕೆಲವು ಬರಹಗಳು ಉತ್ಸಾಹದಿಂದ ಅವರನ್ನು ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಕರೆದುಬಿಡುತ್ತವೆ. ಅದು ಸರಿಯಲ್ಲ. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಎ. ಲಲಿತಾ ಅವರು 1943ರಲ್ಲಿಯೇ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿದ್ದರು. ಇಲ್ಲದ ಕಿರೀಟವನ್ನು ತೊಡಿಸದಿದ್ದರೂ ರಾಜೇಶ್ವರಿಯವರ ಸಾಧನೆ ಕಿರಿದಾಗುವುದಿಲ್ಲ.

1922ರ ಜನವರಿ 24ರಂದು ಜನಿಸಿದ ರಾಜೇಶ್ವರಿಯವರ ಬಾಳಿಗೆ ದಾರಿ ಮಾಡಿಕೊಟ್ಟವರಲ್ಲಿ ಮೊದಲಿಗರೆಂದರೆ ಅವರ ಅಜ್ಜಿ ಕಮಲಮ್ಮ ದಾಸಪ್ಪ. ಹಳೆಯ ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಲ ಕೆಲವೇ ಮಹಿಳೆಯರಲ್ಲಿ ಕಮಲಮ್ಮನವರೂ ಒಬ್ಬರು. ವಿಧವೆಯರಿಗೂ ಗಂಡನಿಂದ ಪರಿತ್ಯಕ್ತರಾದ ಹೆಂಗಸರಿಗೂ ಅಕ್ಷರವಿದ್ಯೆ ದೊರೆಯಬೇಕೆಂದು ದುಡಿದವರು. ತಲೆ ಬೋಳಿಸಿಕೊಂಡು ಅಡುಗೆಮನೆಯ ಮೂಲೆ ಸೇರುವುದೇ ವಿಧವೆಯ ವಿಧಿಯೆಂದು ಸಮಾಜ ನಂಬಿದ್ದ ಕಾಲದಲ್ಲಿ ಅವರನ್ನು ಶಾಲೆಗೆ ಕರೆತರುವುದು ಸಾಮಾನ್ಯ ಧೈರ್ಯವಲ್ಲ. ಆ ಅಜ್ಜಿ ಸ್ಥಾಪಿಸಿದ ವಿಶೇಷ ಆಂಗ್ಲ ಶಾಲೆಯಲ್ಲಿಯೇ ಮೊಮ್ಮಗಳ ಪ್ರಾಥಮಿಕ ವಿದ್ಯಾಭ್ಯಾಸ ನಡೆಯಿತು. ಹೆಣ್ಣುಮಕ್ಕಳು ಓದಬೇಕೇ ಬೇಡವೇ ಎಂಬ ಚರ್ಚೆ ಊರೆಲ್ಲ ನಡೆಯುತ್ತಿದ್ದಾಗ ಆ ಮನೆಯಲ್ಲಿ ಅದು ಎರಡು ತಲೆಮಾರಿನ ಹಿಂದೆಯೇ ಇತ್ಯರ್ಥವಾಗಿತ್ತು.

ಶಾಲೆಯ ಅಂತಿಮ ಪರೀಕ್ಷೆ ಮುಗಿದಾಗ ರಾಜೇಶ್ವರಿಯವರಿಗೆ ಇತಿಹಾಸವನ್ನು ಓದುವ ಆಸೆ ಬಲವಾಗಿತ್ತಂತೆ. ಕಲಾವಿಭಾಗದಲ್ಲಿ ಪದವಿ ಪಡೆದ ನನ್ನಂಥವನಿಗೆ ಇದು ಓದಲು ಹಿತವಾದ ಸಂಗತಿ. ಆದರೆ ಕೊನೆಗೆ ಅವರ ಆಯ್ಕೆ ಭೌತವಿಜ್ಞಾನ ಹಾಗೂ ಗಣಿತದ ಕಡೆಗೇ ಹೊರಳಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಗಿತ್ತು. ಅಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಅನಂತರ ಎಂ.ಎಸ್ಸಿ. ಎರಡರಲ್ಲಿಯೂ ಅವರು ವಿಶ್ವವಿದ್ಯಾನಿಲಯಕ್ಕೇ ಪ್ರಥಮ ಸ್ಥಾನ ಪಡೆದರು. ಬಿ.ಎಸ್ಸಿ.ಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಬಹುಮಾನವೂ, ಎಂ.ಎಸ್ಸಿ.ಗೆ ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ ಮತ್ತು ವಾಲ್ಟರ್ಸ್ ಸ್ಮಾರಕ ಬಹುಮಾನಗಳೂ ಅವರದಾದವು.

ಇಷ್ಟೆಲ್ಲ ಇದ್ದರೂ ಮುಂದಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1943ರಲ್ಲಿ ಅವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಬೆಂಗಳೂರಿನ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಬೇಕೆಂಬ ಬಯಕೆಯಿಂದ ಅವರನ್ನು ಕಂಡರೆಂದೂ, ಭೌತವಿಜ್ಞಾನದಲ್ಲಿ ಪದವಿ ಇಲ್ಲವೆಂಬ ಕಾರಣದಿಂದ ರಾಮನ್ ನಿರಾಕರಿಸಿದರೆಂದೂ ಹೇಳಲಾಗುತ್ತದೆ. ಹತ್ತು ವರ್ಷಗಳ ಹಿಂದೆ, 1933ರಲ್ಲಿ, ಇದೇ ಸಂಸ್ಥೆಯಲ್ಲಿ ಕಮಲಾ ಸೊಹೊನಿಯವರಿಗೆ ಪ್ರವೇಶ ನೀಡಲು ರಾಮನ್ ಹಿಂಜರಿದದ್ದು, ಆಕೆ ಪಟ್ಟು ಹಿಡಿದು ಕುಳಿತು ಗೆದ್ದದ್ದು ವಿಜ್ಞಾನದ ಇತಿಹಾಸವನ್ನು ಬಲ್ಲವರಿಗೆ ಗೊತ್ತು. ರಾಜೇಶ್ವರಿಯವರ ವಿಷಯದಲ್ಲಿ ಕಾರಣ ಪದವಿಯೋ ಅಥವಾ ಬೇರೆಯೋ ಎಂದು ಇಂದು ತೀರ್ಪು ಕೊಡಲು ನಾವು ಯಾರು? ಆದರೆ ನಿರಾಕರಣೆಯ ಫಲವೊಂದಂತೂ ಸ್ಪಷ್ಟ. ಗಣಿತದ ಈ ವಿದ್ಯಾರ್ಥಿನಿ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿ, ಆಗತಾನೇ ಮೊಳೆಯುತ್ತಿದ್ದ ಸಂಪರ್ಕ ವಿಜ್ಞಾನದ ಕಡೆಗೆ ತಿರುಗಿದರು. ಭೌತವಿಜ್ಞಾನ ವಿಭಾಗ ಕಳೆದುಕೊಂಡದ್ದನ್ನು ಎಂಜಿನಿಯರಿಂಗ್ ವಿಭಾಗ ಪಡೆಯಿತು.

ಆ ಕಾಲದಲ್ಲಿ ರೇಡಿಯೋ ವಿಜ್ಞಾನದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಸ್ವಲ್ಪ ವಿವರಿಸದೆ ಅವರ ಬದುಕನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ನಮ್ಮ ಮನೆಗಳ ಹಳೆಯ ರೇಡಿಯೋದಲ್ಲಿ ಕೇಳುತ್ತಿದ್ದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರು. ಇಂದು ನಮ್ಮ ಅಡುಗೆಮನೆಯಲ್ಲಿ ನಿನ್ನೆಯ ಸಾರನ್ನು ಬಿಸಿಮಾಡುವ ಮೈಕ್ರೋವೇವ್ ಒಲೆಯ ಅಲೆಯ ಉದ್ದ ಕೇವಲ 12 ಸೆಂಟಿಮೀಟರು. ಇಂಥ ಕಿರಿಯ ಅಲೆಗಳೇ ಸೂಕ್ಷ್ಮತರಂಗಗಳು. ಇವುಗಳನ್ನು ಕಿರಿದಾದ ಕಿರಣದಂತೆ ಒಂದೇ ದಿಕ್ಕಿಗೆ ಹಾಯಿಸಬಹುದು. ದೂರದ ವಿಮಾನಕ್ಕೆ ತಗುಲಿ ಹಿಂದಿರುಗುವ ಪ್ರತಿಧ್ವನಿಯನ್ನು ಹಿಡಿಯಬಹುದು. ರೇಡಾರ್ ಎಂಬುದರ ಗುಟ್ಟೇ ಇದು.

ಆದರೆ ಇವುಗಳನ್ನು ಹುಟ್ಟಿಸುವುದು ಹೇಗೆ? ರೇಡಿಯೋದ ಸಾಮಾನ್ಯ ವಾಲ್ವು ಇಲ್ಲಿ ಕೈಚೆಲ್ಲುತ್ತದೆ. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಅಲೆಯಲ್ಲಿ ಒಂದು ಮಿಡಿತ ಮುಗಿಯುವಷ್ಟರಲ್ಲಿ, 100 ವೋಲ್ಟಿನ ವೇಗ ಪಡೆದ ಎಲೆಕ್ಟ್ರಾನ್ ಕ್ರಮಿಸುವ ದೂರ ಸುಮಾರು 2 ಮಿಲಿಮೀಟರು ಮಾತ್ರ. ಅಂದರೆ ವಾಲ್ವಿನ ಒಂದು ತಗಡಿನಿಂದ ಹೊರಟ ಎಲೆಕ್ಟ್ರಾನ್ ಇನ್ನೊಂದನ್ನು ಮುಟ್ಟುವ ಮೊದಲೇ ಅಲೆ ದಿಕ್ಕು ಬದಲಿಸಿರುತ್ತದೆ. ಈ ತೊಡಕನ್ನೇ ಉಪಾಯವಾಗಿ ಬಳಸಿಕೊಂಡವರು ವಿಜ್ಞಾನಿಗಳು. 1937ರಲ್ಲಿ ಅಮೆರಿಕದ ವೇರಿಯನ್ ಸೋದರರು ಎಲೆಕ್ಟ್ರಾನುಗಳನ್ನು ಗುಂಪುಗುಂಪಾಗಿ ನಡೆಸುವ ಕ್ಲೈಸ್ಟ್ರಾನನ್ನು ರೂಪಿಸಿದರು. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರಾಂಡಲ್ ಮತ್ತು ಬೂಟ್ ಎಂಬಿಬ್ಬರು ತಾಮ್ರದ ದಿಮ್ಮಿಯಲ್ಲಿ ಪೊಟರೆಗಳನ್ನು ಕೊರೆದು, ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳನ್ನು ಸುತ್ತು ಹಾಕಿಸುವ ಮ್ಯಾಗ್ನೆಟ್ರಾನನ್ನು ಕೆಲಸ ಮಾಡಿಸಿದರು. ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಕೈ ಮೇಲಾಗಲು ಈ ನಳಿಕೆ ಎಷ್ಟು ನೆರವಾಯಿತೆಂಬುದನ್ನು ಯುದ್ಧಚರಿತ್ರೆಕಾರರು ವಿಸ್ತಾರವಾಗಿ ಬರೆದಿದ್ದಾರೆ. ನಮ್ಮ ಅಡುಗೆಮನೆಯ ಒಲೆಯೊಳಗೆ ಇರುವುದು ಅದೇ ಮ್ಯಾಗ್ನೆಟ್ರಾನಿನ ವಂಶದ ಕುಡಿ.

ಮ್ಯಾಗ್ನೆಟ್ರಾನ್ ಕೆಲಸ ಮಾಡಿತೇನೋ ನಿಜ. ಒಳಗೆ ನಡೆಯುವುದೇನೆಂದು ಲೆಕ್ಕ ಹಾಕಿ ತಿಳಿಯುವುದು ಇನ್ನೂ ಕಠಿಣವಾಗಿತ್ತು. ಎಲೆಕ್ಟ್ರಾನುಗಳ ಓಟವನ್ನು ವಿದ್ಯುತ್ ಕ್ಷೇತ್ರ ನಿರ್ಧರಿಸುತ್ತದೆ, ಆ ಕ್ಷೇತ್ರವನ್ನು ಮತ್ತೆ ಎಲೆಕ್ಟ್ರಾನುಗಳೇ ಬದಲಿಸುತ್ತವೆ. ಬೀಜವೃಕ್ಷ ನ್ಯಾಯವೆನ್ನುತ್ತೇವಲ್ಲ, ಅದೇ ಸ್ಥಿತಿ. ಮ್ಯಾಂಚೆಸ್ಟರಿನಲ್ಲಿ ಡಗ್ಲಸ್ ಹಾರ್ಟ್ರೀ ಎಂಬ ಗಣಿತಜ್ಞರು ತಮ್ಮ ಸಹಾಯಕರೊಂದಿಗೆ ಯಾಂತ್ರಿಕ ಗಣನಸಾಧನಗಳ ಮುಂದೆ ಕುಳಿತು, ಎಲೆಕ್ಟ್ರಾನುಗಳ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಿದರು. ಆ ತಂಡದಲ್ಲಿ ದುಡಿದವರಲ್ಲಿ ಫಿಲಿಸ್ ನಿಕಲ್ಸನ್ ಎಂಬ ತರುಣಿಯೂ ಇದ್ದರು. ಇಂದು ನಿರ್ವಾತ ನಳಿಕೆಗಳ ವಿನ್ಯಾಸಕ್ಕೆ ಬಳಸುವ ಕಂಪ್ಯೂಟರ್ ಅನುಕರಣ ತಂತ್ರಾಂಶಗಳ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ತಲುಪುವುದು ಇಂಥ ಕೊಠಡಿಗಳನ್ನೇ. ಕಂಪ್ಯೂಟರ್ ಎಂಬ ಯಂತ್ರ ಬರುವ ಮುನ್ನ ಲೆಕ್ಕ ಹಾಕುತ್ತಿದ್ದ ಮನುಷ್ಯರೇ ಕಂಪ್ಯೂಟರುಗಳಾಗಿದ್ದರು; ಅವರಲ್ಲಿ ಹೆಂಗಸರು ಬಹಳ ಮಂದಿ.

ಇಂಥ ವಿಜ್ಞಾನಕ್ಕೆ ಗಣಿತ ಬಲ್ಲವರೇ ಬೇಕಾಗಿತ್ತು. ರಾಜೇಶ್ವರಿಯವರಿಗೆ ಅವಕಾಶ ಬಂದದ್ದು ನಮ್ಮ ದೆಹಲಿಯಿಂದ. 1946ರಲ್ಲಿ ಇಲ್ಲಿ ಮಧ್ಯಂತರ ಸರ್ಕಾರ ರಚನೆಯಾದ ಕಾಲದಲ್ಲಿ, ಪ್ರತಿಭಾವಂತ ಯುವ ವಿಜ್ಞಾನಿಗಳನ್ನು ವಿದೇಶಕ್ಕೆ ಕಳುಹಿಸಲು ವಿದ್ಯಾರ್ಥಿವೇತನಗಳನ್ನು ಪ್ರಕಟಿಸಲಾಯಿತು. ಎಲೆಕ್ಟ್ರಾನಿಕ್ಸ್ ಮತ್ತು ಅದರ ಬಳಕೆಯ ವಿಷಯಕ್ಕೆ ಅವರು ಅರ್ಜಿ ಸಲ್ಲಿಸಿ ಆಯ್ಕೆಯಾದರು. ಮದುವೆಯಾಗದ ಇಪ್ಪತ್ತೈದರ ಹೆಣ್ಣುಮಗಳು ಒಬ್ಬಳೇ ಕಡಲು ದಾಟಿ ಅಮೆರಿಕಕ್ಕೆ ಹೋಗುವುದೆಂದರೆ ಆಗಿನ ಮೈಸೂರಿನ ಮನೆಗಳಲ್ಲಿ ಎಂಥ ಮಾತುಗಳಿಗೆ ಎಡೆಯಾಗಿರಬೇಕೆಂಬುದನ್ನು ಓದುಗರು ಊಹಿಸಬಲ್ಲರು. ನಮ್ಮ ಮಕ್ಕಳು ಇಂದಿರಾ ಗಾಂಧಿ ವಿಮಾನ ನಿಲ್ದಾಣದಲ್ಲಿ ಕೈಬೀಸಿ ಹೊರಟುಹೋಗುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

1947ರ ಜುಲೈಯಲ್ಲಿ ಅವರು ಏರಿದ್ದು ಎಸ್.ಎಸ್. ಮರೀನ್ ಆಡರ್ ಎಂಬ ಹಡಗನ್ನು. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿ, ಅನಂತರ ಪ್ರಯಾಣಿಕರಿಗೆಂದು ಮಾರ್ಪಡಿಸಿದ ಹಡಗು ಅದು. ಸ್ಯಾನ್ ಫ್ರಾನ್ಸಿಸ್ಕೋ ತಲುಪಲು 30 ದಿನ ಹಿಡಿಯಿತು. ಬ್ರಿಟಿಷರ ಆಳ್ವಿಕೆಯ ದೇಶದಿಂದ ಹೊರಟ ವಿದ್ಯಾರ್ಥಿನಿ ಆಗಸ್ಟ್ 15ರಂದು, ತಾಯ್ನಾಡಿನಿಂದ ದೂರದಲ್ಲಿದ್ದಾಗಲೇ, ಸ್ವತಂತ್ರ ದೇಶದ ಪ್ರಜೆಯಾದರು. ಅದೇ ಸಮಯದಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿಯ ಕಾವು ಏರುತ್ತಿತ್ತು.

ಆನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಅವರು ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಸರ್ಕಾರದೊಂದಿಗಿನ ಒಪ್ಪಂದದಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೋ ಆವರ್ತ ಅಳತೆಯ ವಿಭಾಗದಲ್ಲಿ ಎಂಟು ತಿಂಗಳ ತರಬೇತಿಯೂ ಆಯಿತು. 1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದೊಂದಿಗೆ ಮತ್ತೆ ಮಿಷಿಗನ್ನಿಗೆ ಮರಳಿದರು. ಏಷ್ಯಾದ ಮಹಿಳೆಯರಿಗೆಂದೇ ಮೀಸಲಾದ ಈ ವೇತನವನ್ನು ಅವರಿಗಿಂತ ಮೊದಲು ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರೂ ಪಡೆದಿದ್ದರು. ಪಿಎಚ್.ಡಿ.ಗೆ ಅವರ ಮಾರ್ಗದರ್ಶಕರು ಪ್ರೊಫೆಸರ್ ವಿಲಿಯಂ ಗೋಲ್ಡ್ ಡೌ. ನಳಿಕೆಯ ನಿರ್ವಾತದಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆಂಬುದನ್ನು ಎಂಜಿನಿಯರುಗಳಿಗೆ ಬೋಧಿಸುವ ಪಠ್ಯಗ್ರಂಥವನ್ನು 1937ರಲ್ಲಿಯೇ ಪ್ರಕಟಿಸಿದ್ದ ವಿದ್ವಾಂಸರು ಅವರು. 1953ರ ಆರಂಭದಲ್ಲಿ ರಾಜೇಶ್ವರಿಯವರು ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಹಿಂದಿರುಗಿದರು. ಅಮೆರಿಕದಲ್ಲಿಯೇ ಉಳಿಯಬಹುದಿತ್ತಲ್ಲವೇ ಎಂಬ ಪ್ರಶ್ನೆ ಇಂದಿನ ತಂದೆತಾಯಿಯರಿಗೆ ತೋರಬಹುದು. ಸೂಕ್ಷ್ಮತರಂಗ ವಿಜ್ಞಾನಕ್ಕೆ ಅಲ್ಲಿದ್ದ ಅನುಕೂಲದ ನೂರನೆಯ ಒಂದು ಪಾಲೂ ಇಲ್ಲಿರಲಿಲ್ಲ.

ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕರಾದರು. ಅದೇ ವರ್ಷ ಅದೇ ವಿಭಾಗದ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಅವರ ವಿವಾಹವಾಯಿತು. ಕನ್ನಡದ ಹುಡುಗಿ, ಬಂಗಾಳದ ವರ. ಇಬ್ಬರನ್ನೂ ಕೂಡಿಸಿದ ವಿದ್ಯೆಗೆ ಬಂಗಾಳದಲ್ಲಿ ಹಿರಿಯ ಪರಂಪರೆಯೇ ಇತ್ತು. 1895ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರುಗಳಷ್ಟೇ ಉದ್ದದ ಅಲೆಗಳನ್ನು ಉಂಟುಮಾಡಿ, ತುತ್ತೂರಿಯಾಕಾರದ ಆಂಟೆನಾಗಳಿಂದ ಹಾಯಿಸಿ ಜಗತ್ತನ್ನು ಬೆರಗುಗೊಳಿಸಿದ್ದರು. ಬೋಸರ ನಂತರ ಅರ್ಧ ಶತಮಾನ ಆ ದಾರಿಯಲ್ಲಿ ನಮ್ಮ ದೇಶದಲ್ಲಿ ಹೆಚ್ಚು ನಡೆದಾಡಿದವರಿಲ್ಲ. ಚಟರ್ಜಿ ದಂಪತಿಗಳು ಸಂಸ್ಥೆಯಲ್ಲಿ ಸೂಕ್ಷ್ಮತರಂಗ ಸಂಶೋಧನಾಲಯವನ್ನು ಕಟ್ಟಿ, ಆ ವಿಷಯದಲ್ಲಿ ಕ್ರಮಬದ್ಧ ಸಂಶೋಧನೆಯನ್ನು ಆರಂಭಿಸಿದರು. ಭಾರತದಲ್ಲಿ ಇಂಥ ಪ್ರಯತ್ನಗಳಲ್ಲಿ ಇದೇ ಮೊದಲನೆಯದೆಂದು ಪರಿಗಣಿತವಾಗಿದೆ.

ಕಟ್ಟಿದರು ಎಂದು ಒಂದು ಮಾತಿನಲ್ಲಿ ಬರೆದುಬಿಡಬಹುದು. ಕ್ಲೈಸ್ಟ್ರಾನ್ ಬೇಕೆಂದರೆ ಪೇಟೆಗೆ ಹೋಗಿ ತರುವಂತಿರಲಿಲ್ಲ. ವಿದೇಶೀ ವಿನಿಮಯದ ಒಂದೊಂದು ಡಾಲರಿಗೂ ಲೆಕ್ಕ ಕೊಡಬೇಕಾಗಿದ್ದ ಕಾಲ. ಬ್ಯಾಂಕಿನ ಕೆಲಸದಲ್ಲಿ ತಲೆ ನರೆತ ನಮಗೆ ಆಮದು ಪರವಾನಗಿಯ ಕಡತಗಳೆಂದರೆ ಏನೆಂದು ಗೊತ್ತು. ಅಲೆಯನ್ನು ಸಾಗಿಸುವ ಟೊಳ್ಳು ಲೋಹದ ಕೊಳವೆಗಳು, ಅಳತೆಯ ಸಲಕರಣೆಗಳು, ಎಲ್ಲವೂ ಕೂದಲೆಳೆಯಷ್ಟು ನಿಖರವಾಗಿರಬೇಕು. ಇಂಥ ಪರಿಸ್ಥಿತಿಯಲ್ಲಿ ಅವರ ಕೈಹಿಡಿದದ್ದು ಗಣಿತವೇ.

ರಾಜೇಶ್ವರಿಯವರು ಬೋಧಿಸಿದ ವಿಷಯಗಳು ವಿದ್ಯುತ್ಕಾಂತ ಸಿದ್ಧಾಂತ, ಎಲೆಕ್ಟ್ರಾನ್ ನಳಿಕೆಗಳ ಮಂಡಲಗಳು, ಸೂಕ್ಷ್ಮತರಂಗ ತಂತ್ರಜ್ಞಾನ ಹಾಗೂ ರೇಡಿಯೋ ಎಂಜಿನಿಯರಿಂಗ್. ಸಂಶೋಧನೆಯಲ್ಲಿ ಅವರ ಒಲವು ಆಂಟೆನಾಗಳ ಕಡೆಗೆ ಹೆಚ್ಚು. ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳಲ್ಲಿ ಬಳಸುವ ಆಂಟೆನಾಗಳ ವಿಚಾರದಲ್ಲಿ ಅವರ ಕೆಲಸ ಇಂದಿಗೂ ಸ್ಮರಣೀಯವೆಂದು ಆ ಶಾಸ್ತ್ರದವರು ಹೇಳುತ್ತಾರೆ. ಅಲೆಯನ್ನು ಹುಟ್ಟಿಸುವ ನಳಿಕೆಯಾಗಲಿ, ಅದನ್ನು ಆಗಸಕ್ಕೆ ಬಿಡುವ ಆಂಟೆನಾ ಆಗಲಿ, ಎರಡಕ್ಕೂ ಬುನಾದಿ ಮ್ಯಾಕ್ಸ್‌ವೆಲ್ಲನ ಸಮೀಕರಣಗಳೇ. ಆ ಸಮೀಕರಣಗಳನ್ನು ಬರೆಯುವುದು ಅರ್ಧ ಪುಟದ ಕೆಲಸ. ಒಂದು ನಿರ್ದಿಷ್ಟ ಆಕಾರದ ಲೋಹಕ್ಕೆ ಅವುಗಳನ್ನು ಬಿಡಿಸುವುದು ತಿಂಗಳುಗಟ್ಟಲೆಯ ಕೆಲಸ. ಗಣಿತ ಕೋಷ್ಟಕಗಳು, ಲಾಗರಿದಮ್ಮು, ಸ್ಲೈಡ್ ರೂಲು, ಕಾಗದ, ಪೆನ್ಸಿಲು ಇವೇ ಸಾಧನಗಳು. ವಿಜ್ಞಾನ ಸಂಸ್ಥೆಗೆ ದೊಡ್ಡ ಕಂಪ್ಯೂಟರ್ ಬಂದದ್ದು 1970ರ ಸುಮಾರಿಗೆ. ಅಂದರೆ ಅವರ ವೃತ್ತಿಜೀವನದ ಅರ್ಧಕ್ಕಿಂತ ಹೆಚ್ಚು ಕಾಲ ಕೈಲೆಕ್ಕದಲ್ಲಿಯೇ ಕಳೆದಿತ್ತು.

ಇಂದು ಆ ಕೆಲಸದ ರೀತಿ ಬದಲಾಗಿದೆ. ನಳಿಕೆಯ ಒಳಭಾಗವನ್ನು ಕಂಪ್ಯೂಟರು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸುತ್ತದೆ. ಕೋಟ್ಯಂತರ ಎಲೆಕ್ಟ್ರಾನುಗಳನ್ನು ಕೆಲವು ಸಾವಿರ ಅಥವಾ ಲಕ್ಷ ಗುಂಪುಗಳನ್ನಾಗಿ ಮಾಡಿ, ಪ್ರತಿಯೊಂದು ಗುಂಪನ್ನೂ ಕ್ಷಣಕ್ಷಣಕ್ಕೆ ಒಂದಿಷ್ಟು ಮುಂದೂಡಿ, ಅದರಿಂದ ಕ್ಷೇತ್ರ ಎಷ್ಟು ಬದಲಾಯಿತೆಂದು ನೋಡಿ, ಮತ್ತೆ ಮುಂದೂಡುತ್ತದೆ. ಹಾರ್ಟ್ರೀ ಮತ್ತು ಸಂಗಡಿಗರು ಮಾಡಿದ್ದೂ ತಾತ್ತ್ವಿಕವಾಗಿ ಇದನ್ನೇ. ನಳಿಕೆಯೊಂದನ್ನು ತಯಾರಿಸಿ, ಗಾಳಿ ತೆಗೆದು, ಮುದ್ರೆ ಹಾಕಿ, ಕೆಲಸ ಮಾಡದೆ ಹೋದರೆ ಒಡೆದು ಎಸೆಯುವ ಬದಲು ಪರದೆಯ ಮೇಲೆಯೇ ನೂರು ಸಲ ತಿದ್ದಿ ನೋಡಬಹುದು. ನಮ್ಮ ದೆಹಲಿಗೆ ಹೆಚ್ಚು ದೂರವಲ್ಲದ ಪಿಲಾನಿಯಲ್ಲಿ, 1953ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಕೇಂದ್ರೀಯ ಎಲೆಕ್ಟ್ರಾನಿಕ್ಸ್ ಸಂಶೋಧನಾ ಸಂಸ್ಥೆ ಇಂಥ ನಳಿಕೆಗಳನ್ನು ರೂಪಿಸುತ್ತಾ ಬಂದಿದೆ; ಅವುಗಳ ವಿನ್ಯಾಸಕ್ಕೆ ಬೇಕಾದ ತಂತ್ರಾಂಶವನ್ನೂ ಅಲ್ಲಿಯ ವಿಜ್ಞಾನಿಗಳು ತಾವೇ ಬರೆದಿದ್ದಾರೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ರಕ್ಷಣಾ ಇಲಾಖೆಯ ಮೈಕ್ರೋವೇವ್ ನಳಿಕೆ ಸಂಶೋಧನಾ ಕೇಂದ್ರ ಇದೆ. ಅದೇ ಆವರಣದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ನೋಡದ ಬೆಂಗಳೂರಿಗರು ಯಾರಿದ್ದಾರೆ?

ಇದೆಲ್ಲ ನಮಗೆ ದೂರದ ವಿಷಯವೆಂದು ಭಾವಿಸಬೇಕಾಗಿಲ್ಲ. ಬ್ಯಾಂಕಿನ ಶಾಖೆಗಳು ಕಂಪ್ಯೂಟರೀಕರಣಗೊಂಡ ಹೊಸದರಲ್ಲಿ ಅನೇಕ ಕಟ್ಟಡಗಳ ತಾರಸಿಯ ಮೇಲೆ ವಿ-ಸ್ಯಾಟ್ ಎಂಬ ಬಿಳಿಯ ತಟ್ಟೆಯೊಂದು ಬಂದು ಕುಳಿತಿತ್ತು. ಗ್ರಾಹಕರ ಖಾತೆಯ ವಿವರ 36,000 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಹೋಗಿ ಬರುತ್ತಿತ್ತು. ಆ ಉಪಗ್ರಹಗಳಲ್ಲಿ ಕ್ಷೀಣ ಸಂಕೇತವನ್ನು ಹಿಗ್ಗಿಸಿ ಕೆಳಗೆ ಕಳುಹಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ಟ್ರಾವೆಲಿಂಗ್ ವೇವ್ ನಳಿಕೆ, ಅಂದರೆ ನಿರ್ವಾತ ನಳಿಕೆಯೇ. ಟ್ರಾನ್ಸಿಸ್ಟರ್ ಬಂದು ಎಲ್ಲ ವಾಲ್ವುಗಳೂ ಮೂಲೆಗುಂಪಾದುವೆಂದು ನಾವು ತಿಳಿದಿದ್ದರೆ, ತಲೆಯ ಮೇಲೆ ಅವು ಇನ್ನೂ ದುಡಿಯುತ್ತಿವೆ.

ರಾಜೇಶ್ವರಿಯವರು ಮುಂದೆ ತಮ್ಮ ವಿಭಾಗದ ಮುಖ್ಯಸ್ಥೆಯೂ ಆದರು. ಎಂಜಿನಿಯರಿಂಗ್ ಅಧ್ಯಾಪಕ ವರ್ಗದಲ್ಲಿ ಹೆಂಗಸರೇ ಇಲ್ಲದಿದ್ದ ಕಾಲದಲ್ಲಿ ಪ್ರವೇಶಿಸಿ, ಅದೇ ವಿಭಾಗವನ್ನು ನಡೆಸುವ ಮಟ್ಟಕ್ಕೆ ಏರಿದ್ದು ಅವರ ಗಟ್ಟಿತನಕ್ಕೆ ಸಾಕ್ಷಿ. 20 ಮಂದಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ನೂರಕ್ಕೂ ಹೆಚ್ಚು ಸಂಶೋಧನ ಲೇಖನಗಳು ಹಾಗೂ ಏಳು ಗ್ರಂಥಗಳು ಅವರ ಹೆಸರಿನಲ್ಲಿವೆ. ಬ್ರಿಟನ್ನಿನ ವಿದ್ಯುತ್ ಮತ್ತು ರೇಡಿಯೋ ಎಂಜಿನಿಯರುಗಳ ಸಂಸ್ಥೆಯಿಂದ ಅತ್ಯುತ್ತಮ ಲೇಖನಕ್ಕೆ ಮೌಂಟ್‌ಬ್ಯಾಟನ್ ಬಹುಮಾನ, ನಮ್ಮ ಎಂಜಿನಿಯರುಗಳ ಸಂಸ್ಥೆಯಿಂದ ಜೆ.ಸಿ. ಬೋಸ್ ಸ್ಮಾರಕ ಬಹುಮಾನ, ಬೋಧನೆ ಮತ್ತು ಸಂಶೋಧನೆಗಾಗಿ ರಾಮ್‌ಲಾಲ್ ವಾಧ್ವಾ ಪ್ರಶಸ್ತಿ ಅವರನ್ನು ಅರಸಿ ಬಂದವು. ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿದವರಿಗೆ ನಿರಾಶೆಯಾಗುತ್ತದೆ.

1982ರಲ್ಲಿ ನಿವೃತ್ತರಾದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸ ಅಜ್ಜಿಯ ಹಾದಿಯದು. ಭಾರತೀಯ ಮಹಿಳಾ ಅಧ್ಯಯನ ಸಂಘದಲ್ಲಿ ತೊಡಗಿಸಿಕೊಂಡು ಸಾಮಾಜಿಕ ಕಾರ್ಯಗಳಲ್ಲಿ ಪಾಲ್ಗೊಂಡರು. ಎಳೆಯ ವಯಸ್ಸಿನಲ್ಲಿ ಬಿಟ್ಟುಬಂದ ಇತಿಹಾಸದ ಸೆಳೆತವೂ ಮರಳಿತೆಂದು ಕಾಣುತ್ತದೆ. ಎ ಥೌಸಂಡ್ ಸ್ಟ್ರೀಮ್ಸ್ ಎಂಬ ಹೆಸರಿನಲ್ಲಿ ತಮ್ಮ ವೈಯಕ್ತಿಕ ಚರಿತ್ರೆಯನ್ನೂ, ವಸುಧೈವ ಕುಟುಂಬಕಂ ಎಂಬ ಹೆಸರಿನಲ್ಲಿ ಭಾರತದ ಕೆಲವು ಸ್ತ್ರೀಪುರುಷರ ನಿಜಕಥೆಗಳನ್ನೂ ಬರೆದರು. ಇವು ಇಂಗ್ಲಿಷಿನಲ್ಲಿವೆ, ಕನ್ನಡಕ್ಕೆ ಬಂದರೆ ನಮ್ಮ ಮನೆಗಳ ಹಿರಿಯರೂ ಓದಿ ಸಂತೋಷಪಟ್ಟಾರು. 2008ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ ಲೀಲಾವತೀಸ್ ಡಾಟರ್ಸ್ ಎಂಬ ಮಹಿಳಾ ವಿಜ್ಞಾನಿಗಳ ಜೀವನಲೇಖನಗಳ ಸಂಪುಟದಲ್ಲಿಯೂ ಅವರ ಬದುಕಿನ ಕಥೆ ಸೇರಿದೆ. ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇರಬೇಕಾದ ಪುಸ್ತಕ ಅದು. ಅವರ ಮಗಳು ಇಂದಿರಾ ಚಟರ್ಜಿಯವರೂ ತಾಯಿಯ ವಿದ್ಯೆಯನ್ನೇ ಮುಂದುವರಿಸಿ, ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

2010ರ ಸೆಪ್ಟೆಂಬರ್ 3ರಂದು, 88ನೆಯ ವಯಸ್ಸಿನಲ್ಲಿ, ಡಾ. ರಾಜೇಶ್ವರಿ ಚಟರ್ಜಿಯವರು ನಿಧನರಾದರು. ಏಳು ವರ್ಷಗಳ ಬಳಿಕ, 2017ರಲ್ಲಿ, ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ತಮ್ಮ ಕ್ಷೇತ್ರಗಳಲ್ಲಿ ಮೊದಲಿಗರಾದ ಮಹಿಳೆಯರನ್ನು ಗುರುತಿಸಿದಾಗ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರ ಹೆಸರನ್ನು ಸೇರಿಸಿತು. 1946ರಲ್ಲಿ ಅವರನ್ನು ವಿದ್ಯಾರ್ಥಿವೇತನಕ್ಕೆ ಆರಿಸಿದ್ದ ದೆಹಲಿಯಿಂದಲೇ ಆ ಪ್ರಕಟಣೆಯೂ ಹೊರಬಿತ್ತು.